ವಾಲ್ಟನ್ನನ ಗಾಳಗಾರ: ಕ್ರೀಡೆ, ನಿಸರ್ಗ, ಭಕ್ತಿ

ಕ್ರೈಸ್ತ ಧರ್ಮಸಾಹಿತ್ಯದಲ್ಲಿ ಕ್ರೀಡೆಗೆ ಆದಿಯಿಂದಲೂ ಒಂದು ಸ್ಥಾನವುಂಟು. ಆದರೆ ಅದು ಉಪಮಾನದ ಸ್ಥಾನ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಓಟದ ಪಂದ್ಯವನ್ನೂ ಮುಷ್ಟಿಕಾಳಗವನ್ನೂ ದೃಷ್ಟಾಂತವಾಗಿ ತಂದಿದ್ದಾನೆ. ಕೊರಿಂಥದ ನೆರೆಯಲ್ಲಿಯೇ ಇಸ್ತ್ಮಿಯದ ಕ್ರೀಡೋತ್ಸವಗಳು ಜರುಗುತ್ತಿದ್ದುವಾದುದರಿಂದ ಆತನ ಮಾತು ಅಲ್ಲಿಯ ಜನಕ್ಕೆ ಥಟ್ಟನೆ ತಿಳಿದಿರಬೇಕು. ಆದರೆ ಪೌಲನ ಕಣ್ಣು ಓಟಗಾರನ ಮೇಲೆ ನೆಟ್ಟಿಲ್ಲ. ಬಾಡಿಹೋಗುವ ಕಿರೀಟಕ್ಕಾಗಿ ಅವನು ತಾಳುವ ಸಂಯಮವನ್ನು ತೋರಿಸಿ, ಬಾಡದ ಕಿರೀಟಕ್ಕಾಗಿ ನಾವೆಷ್ಟು ತಾಳಬೇಕೆಂಬುದನ್ನು ತಿಳಿಸುವುದಷ್ಟೇ ಅವನ ಉದ್ದೇಶ. ದೃಷ್ಟಾಂತ ಮುಗಿದೊಡನೆ ಓಟಗಾರನು ಮರೆಯಾಗುತ್ತಾನೆ. ಅವನ ಕಾಲಿಗೆ ಹತ್ತಿದ ಧೂಳು, ಅವನ ಏದುಸಿರು, ಓಡುವುದರಲ್ಲಿಯೇ ಇರುವ ಸಂತೋಷ, ಇವು ಅಲ್ಲಿ ಪ್ರಸ್ತುತವಲ್ಲ. ಅನಂತರದ ಉಪದೇಶಕರಲ್ಲಿಯೂ ಬಹುಮಂದಿ ಇದೇ ಜಾಡನ್ನು ಹಿಡಿದರು.

ಇದಕ್ಕಿಂತ ಕಷ್ಟವಾದ ಪ್ರಶ್ನೆ ಬೇರೊಂದಿದೆ. ಆಟವು ಆಟವಾಗಿಯೇ ಉಳಿದು, ಹೊಳೆಯು ಹೊಳೆಯಾಗಿಯೇ ಹರಿದು, ಆ ಆಟ ಆ ಹೊಳೆಗಳೇ ಭಕ್ತಿಗೆ ನೆಲೆಯಾಗಬಲ್ಲುವೆ? ಅಥವಾ ಅವು ಬೇರೆ ಯಾವುದೋ ಅರ್ಥಕ್ಕೆ ಸಂಕೇತಗಳಾದ ಮೇಲೆಯೇ ಧಾರ್ಮಿಕವಾಗಬೇಕೆ? ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ಐಸಾಕ್ ವಾಲ್ಟನ್ನನ ‘ದಿ ಕಂಪ್ಲೀಟ್ ಆಂಗ್ಲರ್’ ಎಂಬ ಗ್ರಂಥಕ್ಕಿಂತ ಒಳ್ಳೆಯ ಸಾಧನ ದೊರೆಯಲಾರದು. ೧೬೫೩ರಲ್ಲಿ ಹದಿನೆಂಟು ಪೆನ್ಸ್ ಬೆಲೆಗೆ ಮಾರಾಟವಾದ ಈ ಪುಟ್ಟ ಪುಸ್ತಕ ಗ್ರಂಥಕರ್ತನ ಜೀವಿತಕಾಲದಲ್ಲಿಯೇ ಐದು ಮುದ್ರಣಗಳನ್ನು ಕಂಡಿತು. ಅಲ್ಲಿಂದೀಚೆಗೆ ನೂರಾರು ಮುದ್ರಣಗಳಾಗಿವೆ. ಬಹುಜನರು ಹೊಗಳಿ, ಕೆಲವರೇ ಪೂರ್ತಿಯಾಗಿ ಓದುವ ಗ್ರಂಥಗಳಲ್ಲಿ ಇದೂ ಒಂದು. ತರಗತಿಯಲ್ಲಿ ಇದರ ಕೆಲವು ಭಾಗಗಳನ್ನು ಓದಿಸಿದಾಗ ವಿದ್ಯಾರ್ಥಿಯೊಬ್ಬನು, “ಇದು ಮೀನು ಹಿಡಿಯುವುದನ್ನು ಕಲಿಸುವ ಪುಸ್ತಕವೋ, ದೇವರ ಸ್ತೋತ್ರ ಕಲಿಸುವ ಪುಸ್ತಕವೋ?” ಎಂದು ಕೇಳಿದನು. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದಲ್ಲ.

ವಾಲ್ಟನ್ ೧೫೯೩ರಲ್ಲಿ ಸ್ಟಾಫರ್ಡಿನಲ್ಲಿ ಹುಟ್ಟಿದವನು; ಲಂಡನ್ನಿನ ಫ್ಲೀಟ್ ಬೀದಿಯ ಆಸುಪಾಸಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದವನು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತಿದವನಲ್ಲ. ಅವನ ಚರ್ಚಿನ ಪಾದ್ರಿ ಕವಿ ಜಾನ್ ಡನ್. ಆ ಸಹವಾಸದ ಫಲವಾಗಿಯೇ ೧೬೪೦ರಲ್ಲಿ ಡನ್ನನ ಚರಿತ್ರೆಯನ್ನೂ ಮುಂದೆ ವಾಟನ್, ಹೂಕರ್, ಹರ್ಬರ್ಟ್, ಸ್ಯಾಂಡರ್ಸನ್ ಇವರ ಚರಿತ್ರೆಗಳನ್ನೂ ಬರೆದನು. ಮೊದಲ ಹೆಂಡತಿ ರೇಚಲ್ಲಳಲ್ಲಿ ಹುಟ್ಟಿದ ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ; ೧೬೪೦ರಲ್ಲಿ ಆಕೆಯೂ ತೀರಿಕೊಂಡಳು. ಅರವತ್ತರ ಹೊಸ್ತಿಲಲ್ಲಿ ನಿಂತು ಅವನು ಗಾಳದ ಪುಸ್ತಕವನ್ನು ಬರೆದನು. ಅದರ ಪುಟಗಳಲ್ಲಿ ತುಂಬಿರುವ ನೆಮ್ಮದಿ ದುಃಖವನ್ನು ಕಾಣದವನ ನೆಮ್ಮದಿಯೆಂದು ತಿಳಿದವರು ಈ ಸಂಗತಿಗಳನ್ನು ನೆನೆಯುವುದು ಒಳ್ಳೆಯದು.

ಮನೆಯ ದುಃಖದ ಜೊತೆಗೆ ನಾಡಿನ ದುಃಖವೂ ಇತ್ತು. ವಾಲ್ಟನ್ ಇಂಗ್ಲೆಂಡಿನ ಚರ್ಚಿಗೆ ಸೇರಿದವನು, ರಾಜಪಕ್ಷದವನು. ೧೬೪೫ರಲ್ಲಿ ಆ ಚರ್ಚಿನ ಸಾಮಾನ್ಯ ಪ್ರಾರ್ಥನಾ ಗ್ರಂಥ ನಿಷಿದ್ಧವಾಯಿತು. ಅದೇ ವರ್ಷ ಆರ್ಚ್‌ಬಿಷಪ್ ಲಾಡ್‌ನ ತಲೆ ಉರುಳಿತು. ೧೬೪೭ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದುಮಾಡಿದರು. ೧೬೪೯ರ ಜನವರಿಯಲ್ಲಿ ದೊರೆಯ ಶಿರಚ್ಛೇದನವಾಯಿತು. ಊರೂರಿನಲ್ಲಿ ಪಾದ್ರಿಗಳು ತಮ್ಮ ಚರ್ಚುಗಳಿಂದ ಹೊರದೂಡಲ್ಪಟ್ಟರು. ೧೬೫೧ರಲ್ಲಿ ವುಸ್ಟರಿನ ಕದನದಲ್ಲಿ ಎರಡನೆಯ ಚಾರ್ಲ್ಸ್ ಸೋತು ಓಡಿದಾಗ ಅವನ ರತ್ನಪದಕವೊಂದನ್ನು ಗುಟ್ಟಾಗಿ ಲಂಡನ್ನಿಗೆ ಮುಟ್ಟಿಸಿದವರಲ್ಲಿ ನಮ್ಮ ಬಟ್ಟೆ ವ್ಯಾಪಾರಿಯೂ ಒಬ್ಬನು. ಆ ಕಾಲದಲ್ಲಿ ಆಟವೂ ರಾಜಕೀಯದ ವಸ್ತುವಾಗಿತ್ತೆಂಬುದನ್ನು ಮರೆಯಬಾರದು. ಭಾನುವಾರದ ಆರಾಧನೆ ಮುಗಿದ ಮೇಲೆ ಜನರು ಕುಣಿತ, ಬಿಲ್ವಿದ್ಯೆ ಮೊದಲಾದುವುಗಳಲ್ಲಿ ತೊಡಗಬಹುದೆಂದು ಒಂದನೆಯ ಜೇಮ್ಸ್ ೧೬೧೮ರಲ್ಲಿ ಘೋಷಣೆ ಹೊರಡಿಸಿದ್ದನು. ಅವನ ಮಗ ೧೬೩೩ರಲ್ಲಿ ಅದನ್ನು ಮತ್ತೆ ಸಾರಿದನು. ಪ್ಯೂರಿಟನ್ನರ ಕೈಗೆ ಅಧಿಕಾರ ಬಂದಾಗ, ೧೬೪೩ರಲ್ಲಿ, ಪಾರ್ಲಿಮೆಂಟಿನ ಆಜ್ಞೆಯಿಂದ ಆ ಘೋಷಣೆಯ ಪ್ರತಿಗಳನ್ನು ಬಹಿರಂಗವಾಗಿ ಸುಟ್ಟರು. ಇದಾದ ಹತ್ತು ವರ್ಷಗಳಿಗೆ ವಾಲ್ಟನ್ನನ ಪುಸ್ತಕ ಹೊರಬಂದಿತು. ‘ಧ್ಯಾನಶೀಲನ ವಿಹಾರ’ ಎಂದು ಅದಕ್ಕೆ ಉಪಶೀರ್ಷಿಕೆ. ವಿಹಾರವು ಧ್ಯಾನಕ್ಕೆ ಶತ್ರುವಲ್ಲವೆಂಬ ವಾದ ಆ ಉಪಶೀರ್ಷಿಕೆಯಲ್ಲಿಯೇ ಅಡಗಿದೆ. ‘ವಿಹಾರ’ವೆಂಬ ನಮ್ಮ ಮಾತಿನಲ್ಲಿ ಸುತ್ತಾಟವೂ ಭಿಕ್ಷುಗಳ ವಸತಿಯೂ ಒಟ್ಟಿಗೇ ಇರುವುದು ಆಕಸ್ಮಿಕವಾದರೂ ಇಲ್ಲಿ ನಮಗೆ ಅನುಕೂಲವಾಗಿದೆ.

ಮೊದಲ ಮುದ್ರಣದ ಶೀರ್ಷಿಕೆಯ ಪುಟದಲ್ಲಿ ಯೋಹಾನನ ಸುವಾರ್ತೆಯ ಇಪ್ಪತ್ತೊಂದನೆಯ ಅಧ್ಯಾಯದ ಮೂರನೆಯ ವಚನವನ್ನು ಅಚ್ಚುಮಾಡಿದ್ದಾರೆ. ತಾನು ಮೀನು ಹಿಡಿಯಲು ಹೊರಟೆನೆಂದು ಪೇತ್ರನು ಹೇಳುವುದೂ, ತಾವೂ ಬರುವೆವೆಂದು ಉಳಿದವರು ಹೊರಡುವುದೂ ಅದರ ವಿಷಯ. ಮೀನಿನ ಪುಸ್ತಕಕ್ಕೆ ಮೀನಿನ ವಚನ, ಅಷ್ಟೇ ಎಂದು ಓದುಗರು ಇದನ್ನು ದಾಟಿಹೋಗುವುದುಂಟು. ಆದರೆ ಆ ವಚನ ಬರುವ ಸಂದರ್ಭವೇನು? ಗುರುವು ಶಿಲುಬೆಯ ಮೇಲೆ ಸತ್ತಿದ್ದಾನೆ. ಎದ್ದುಬಂದದ್ದನ್ನು ಶಿಷ್ಯರು ಕಂಡಿದ್ದರೂ ಮುಂದೇನು ಮಾಡಬೇಕೆಂಬುದು ಅವರಿಗೆ ತೋಚಿಲ್ಲ. ಹಳೆಯ ಕಸುಬಿಗೆ ಕೈಹಾಕುತ್ತಾರೆ. ರಾತ್ರಿಯೆಲ್ಲಾ ಬಲೆ ಬೀಸಿದರೂ ಒಂದು ಮೀನೂ ಬೀಳುವುದಿಲ್ಲ. ಬೆಳಗಾಗುವಾಗ ದಡದಲ್ಲಿ ಯಾರೋ ನಿಂತಿದ್ದಾನೆ. ಅವನೇ ತಮ್ಮ ಸ್ವಾಮಿಯೆಂಬುದು ಅವರಿಗೆ ತಿಳಿಯದು. ಆಮೇಲೆ ಬಲೆ ತುಂಬುತ್ತದೆ. ದಡಕ್ಕೆ ಬಂದರೆ ಅಲ್ಲಿ ಕೆಂಡದ ಮೇಲೆ ಮೀನು ಬೇಯುತ್ತಿದೆ, ರೊಟ್ಟಿಯಿದೆ. ಚರ್ಚು ಮುಚ್ಚಿ, ದೊರೆ ಸತ್ತು, ಪ್ರಾರ್ಥನಾ ಗ್ರಂಥವನ್ನು ಬಚ್ಚಿಟ್ಟುಕೊಂಡು ಓದಬೇಕಾಗಿದ್ದ ೧೬೫೩ರ ಓದುಗನು ಈ ವಚನವನ್ನು ಕಂಡಾಗ ಏನೆಂದುಕೊಂಡಿದ್ದಾನು? ಎಲ್ಲವೂ ಮುಗಿದುಹೋಯಿತೆಂದು ಕಾಣುವ ಹೊತ್ತಿನಲ್ಲಿ ಮಾಡಬಹುದಾದ ಕೆಲಸ ಯಾವುದು ಎಂಬ ಪ್ರಶ್ನೆಗೆ ಅದು ಉತ್ತರವಾಗಿ ಕಂಡಿರಬೇಕು. ಹೊಳೆಗೆ ಹೋಗು, ಕಾಯುತ್ತಿರು, ದಡದಲ್ಲಿ ಯಾರಾದರೂ ಬಂದಾರು. ಇಡೀ ಗ್ರಂಥದ ಧಾರ್ಮಿಕ ಸತ್ತ್ವ ಈ ಒಂದು ವಚನದ ಆಯ್ಕೆಯಲ್ಲಿ ಇದೆಯೆಂದು ನಮ್ಮ ಅಭಿಪ್ರಾಯ.

ಗಾಳಗಾರರ ಬಳಗವೆಂದು ವಾಲ್ಟನ್ ಕರೆಯುವುದು ಮನೆಮಠ ಕಳೆದುಕೊಂಡ ಆಂಗ್ಲಿಕನ್ ಪಾದ್ರಿಗಳ ಬಳಗವನ್ನೇ ಎಂದು ಈಚಿನ ವಿಮರ್ಶಕರು ವಾದಿಸುವುದುಂಟು. ಇದರಲ್ಲಿ ಸತ್ಯಾಂಶವಿದೆ. ಆದರೆ ಈ ಸೂತ್ರವನ್ನು ಕೊನೆಯವರೆಗೂ ಎಳೆದರೆ ಟ್ರೌಟ್ ಮೀನು ಟ್ರೌಟಾಗಿ ಉಳಿಯದೆ ಯಾವುದೋ ಪಕ್ಷದ ಲಾಂಛನವಾಗಿಬಿಡುತ್ತದೆ. ವಾಲ್ಟನ್ನನಿಗೆ ಟ್ರೌಟಿನಲ್ಲಿ ಅದಕ್ಕಿಂತ ಹೆಚ್ಚು ಗೌರವವಿತ್ತು.

ಗ್ರಂಥದ ರಚನೆ ಸಂವಾದರೂಪದ್ದು. ಮೇ ತಿಂಗಳ ಒಂದು ಮುಂಜಾನೆ ಲಂಡನ್ನಿನ ಉತ್ತರಕ್ಕೆ ಟಾಟನ್‌ಹ್ಯಾಮ್ ದಿಣ್ಣೆಯ ದಾರಿಯಲ್ಲಿ ಮೂವರು ಕೂಡುತ್ತಾರೆ: ಗಾಳಗಾರ ಪಿಸ್ಕೇಟರ್, ಬೇಟೆಗಾರ ವೆನೇಟರ್, ಗಿಡುಗ ಸಾಕಿದ ಆಸೆಪ್ಸ್. ತಂತಮ್ಮ ವಿನೋದವೇ ಮೇಲೆಂದು ಮೂವರೂ ವಾದಿಸುತ್ತಾರೆ. ಆಸೆಪ್ಸನು ತನ್ನ ದಾರಿ ಹಿಡಿದ ಮೇಲೆ ವೆನೇಟರನು ಪಿಸ್ಕೇಟರನ ಶಿಷ್ಯನಾಗಿ ಲೀ ಹೊಳೆಯ ದಡದಲ್ಲಿ ಕೆಲವು ದಿನಗಳನ್ನು ಕಳೆಯುತ್ತಾನೆ. ಮೊದಲ ಮುದ್ರಣದಲ್ಲಿ ಇದ್ದವರು ಇಬ್ಬರೇ. ೧೬೫೫ರಲ್ಲಿ ಗ್ರಂಥವನ್ನು ಹಿಗ್ಗಿಸಿದಾಗ ಮೂರನೆಯವನು ಸೇರಿದನು. ೧೫೭೭ರ ಅನಾಮಧೇಯ ಪುಸ್ತಕವೊಂದರಲ್ಲಿಯೂ ಪಿಸ್ಕೇಟರ್ ಎಂಬ ಗಾಳಗಾರನ ಸಂವಾದವಿದ್ದು, ಅದರ ಉಳಿದಿರುವ ಒಂದೇ ಪ್ರತಿ ಇಪ್ಪತ್ತನೆಯ ಶತಮಾನದ ನಡುವೆ ಬೆಳಕಿಗೆ ಬಂದು ೧೯೫೬ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಪ್ರಕಟವಾದಂದಿನಿಂದ ವಾಲ್ಟನ್ನನ ಸ್ವೋಪಜ್ಞತೆಯ ಮೇಲೆ ಚರ್ಚೆ ನಡೆದಿದೆ. ಸಾಲ ತಂದದ್ದು ನಿಜ. ಗಾಳ ಹಾಕುವುದಕ್ಕೂ ಪ್ರಾರ್ಥನೆಗೂ ಗಂಟುಹಾಕಿದವರಲ್ಲಿಯೂ ಅವನು ಮೊದಲಿಗನಲ್ಲ. ೧೪೯೬ರಲ್ಲಿ ಅಚ್ಚಾದ ಗಾಳದ ಪ್ರಬಂಧವೊಂದು, ಒಬ್ಬಂಟಿಯಾಗಿ ಹೊಳೆಗೆ ಹೋದವನು ನಿತ್ಯದ ಪ್ರಾರ್ಥನೆಗಳನ್ನು ಮನಸ್ಸಿಟ್ಟು ಹೇಳಿಕೊಳ್ಳಬಹುದೆಂದು ಆಗಲೇ ತಿಳಿಸಿದೆ. ಆದರೆ ಅಲ್ಲಿ ಪ್ರಾರ್ಥನೆ ಗಾಳದ ಪಕ್ಕದಲ್ಲಿದೆ, ಒಳಗಿಲ್ಲ.

ಮೊದಲನೆಯ ಅಧ್ಯಾಯದಲ್ಲಿ ಪಿಸ್ಕೇಟರನು ಗಾಳದ ಕ್ರೀಡೆಗೆ ಶಾಸ್ತ್ರಪ್ರಮಾಣಗಳನ್ನು ಕೂಡಿಹಾಕುತ್ತಾನೆ. ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ ಈ ನಾಲ್ವರು ಅಪೊಸ್ತಲರೂ ಬೆಸ್ತರು. ಅವರ ಮನಸ್ಸು ಶಾಂತವೂ ಮೃದುವೂ ಆಗಿದ್ದುದರಿಂದಲೇ ಕ್ರಿಸ್ತನು ಅವರನ್ನು ಆರಿಸಿಕೊಂಡನು. ಬೆಟ್ಟದ ಮೇಲೆ ತನ್ನ ರೂಪಾಂತರವನ್ನು ತೋರಿಸಲು ಕರೆದೊಯ್ದ ಮೂವರೂ ಬೆಸ್ತರೇ. ಗಾಳದ ಹೆಸರು ಆಮೋಸನ ಗ್ರಂಥದಲ್ಲಿಯೂ ಯೋಬನ ಗ್ರಂಥದಲ್ಲಿಯೂ ಬಂದಿದೆ. ಈ ವಾದಸರಣಿ ಬಲವಾದುದಲ್ಲ. ಗಲಿಲಾಯದ ಬೆಸ್ತರು ಬಲೆ ಬೀಸಿದ್ದು ಹೊಟ್ಟೆಪಾಡಿಗಾಗಿ. ಲಂಡನ್ನಿನ ವ್ಯಾಪಾರಿ ಗಾಳ ಹಾಕುವುದು ವಿನೋದಕ್ಕಾಗಿ. ಯಾಕೋಬ ಯೋಹಾನರಿಗೆ ಗುಡುಗಿನ ಮಕ್ಕಳೆಂಬ ಅಡ್ಡಹೆಸರನ್ನು ಸ್ವತಃ ಕ್ರಿಸ್ತನೇ ಕೊಟ್ಟಿರುವಾಗ ಅವರ ಮನಸ್ಸಿನ ಮೃದುತ್ವವನ್ನು ಅಷ್ಟು ಸುಲಭವಾಗಿ ಒಪ್ಪುವಂತಿಲ್ಲ. ಪೇತ್ರನಂತೂ ಕತ್ತಿ ಹಿರಿದವನು. ಆಟವನ್ನು ಪಾಪವೆನ್ನುವವರ ಎದುರಿಗೆ ಅವರದೇ ಆಯುಧವಾದ ವಚನಗಳಿಂದ ಕಾದಬೇಕೆಂಬ ಹಟಕ್ಕೆ ವಾಲ್ಟನ್ ಬಿದ್ದದ್ದೇ ಈ ದೌರ್ಬಲ್ಯಕ್ಕೆ ಕಾರಣವಿರಬಹುದು.

ಅದೇ ಅಧ್ಯಾಯದಲ್ಲಿ ಪ್ರಮಾಣಗಳ ರಾಶಿಯ ನಡುವೆ ಒಂದು ಸಣ್ಣ ಚಿತ್ರ ಬರುತ್ತದೆ. ಲಂಡನ್ನಿನ ಸಂತ ಪೌಲರ ಕೆಥೀಡ್ರಲಿನ ಡೀನ್ ಆಗಿದ್ದ, ಪ್ರಶ್ನೋತ್ತರ ರೂಪದ ಧರ್ಮಬೋಧೆಯನ್ನು ರಚಿಸಿ ಹೆಸರಾದ ಅಲೆಕ್ಸಾಂಡರ್ ನೋವೆಲ್ ತನ್ನ ಕಾಲದ ಹತ್ತನೆಯ ಒಂದು ಪಾಲನ್ನು ಗಾಳ ಹಾಕುವುದರಲ್ಲಿ ಕಳೆಯುತ್ತಿದ್ದನು. ತನ್ನ ವರಮಾನದ ಹತ್ತನೆಯ ಒಂದು ಪಾಲನ್ನೂ, ಹಿಡಿದ ಮೀನನ್ನು ಬಹುಮಟ್ಟಿಗೆ ಪೂರ್ತಿಯಾಗಿಯೂ, ಆ ಹೊಳೆಗಳ ನೆರೆಯಲ್ಲಿದ್ದ ಬಡವರಿಗೆ ಹಂಚುತ್ತಿದ್ದನು. ದೇವರಿಗೆ ಸಲ್ಲಬೇಕಾದ ದಶಮಾಂಶದ ಲೆಕ್ಕ ಇಲ್ಲಿ ಆಟಕ್ಕೂ ದಾನಕ್ಕೂ ಒಂದೇ ಆಗಿದೆ. ವಾದವೇ ಇಲ್ಲದ ಈ ಚಿತ್ರ ಹಿಂದಿನ ವಚನಗಳಿಗಿಂತ ಹೆಚ್ಚು ಒಪ್ಪಿಗೆಯಾಗುತ್ತದೆ. ಮೀನು ಹಿಡಿಯುವುದು ಯಾವ ಅರ್ಥಕ್ಕೂ ಸಂಕೇತವಾಗಲಿಲ್ಲ. ಒಬ್ಬ ಮನುಷ್ಯನ ನಡತೆಯಲ್ಲಿ ತನ್ನ ಸ್ಥಾನವನ್ನು ಕಂಡುಕೊಂಡಿತು.

ಇಲ್ಲಿ ವಾಲ್ಟನ್ನನ ಸಮಕಾಲೀನನೊಬ್ಬನನ್ನು ಹೋಲಿಸಿ ನೋಡುವುದು ಉಪಯುಕ್ತ. ಅನಿಲಗಳ ಒತ್ತಡವನ್ನು ಕುರಿತ ನಿಯಮದಿಂದ ನಮ್ಮ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ರಾಬರ್ಟ್ ಬಾಯ್ಲ್ ೧೬೬೫ರಲ್ಲಿ ‘ಅಕೇಷನಲ್ ರಿಫ್ಲೆಕ್ಷನ್ಸ್’ ಎಂಬ ಚಿಂತನಸಂಗ್ರಹವನ್ನು ಪ್ರಕಟಿಸಿದನು. ಅದರ ನಾಲ್ಕನೆಯ ವಿಭಾಗ ಪೂರ್ತಿಯಾಗಿ ಗಾಳದ ಕ್ರೀಡೆಯನ್ನು ಆಧ್ಯಾತ್ಮಿಕ ಪ್ರಯೋಜನಕ್ಕೆ ತಿರುಗಿಸಿಕೊಳ್ಳುವುದಕ್ಕಾಗಿಯೇ ಮೀಸಲಾಗಿದೆ. ಕೃತಕ ನೊಣದಿಂದ ಮೀನು ಹಿಡಿಯುವುದನ್ನು ಕುರಿತು ಒಂದು ಚಿಂತನೆ, ಗಾಳವನ್ನು ನುಂಗಿದ ಮೀನು ಒದ್ದಾಡುವುದನ್ನು ಕುರಿತು ಒಂದು, ಹರಿಯುವ ನೀರನ್ನೇ ದಿಟ್ಟಿಸಿ ನೋಡಿ ತಲೆ ತಿರುಗಿದುದನ್ನು ಕುರಿತು ಇನ್ನೊಂದು. ಕಣ್ಣಿಗೆ ಬಿದ್ದ ಪ್ರತಿಯೊಂದು ವಸ್ತುವೂ ಒಂದು ನೀತಿಯನ್ನು ಒಪ್ಪಿಸಿ ಹೊರಟುಹೋಗುತ್ತದೆ. ಬಾಯ್ಲನ ಭಕ್ತಿ ಪ್ರಾಮಾಣಿಕವಾದದ್ದು. ಆದರೆ ಈ ವಿಧಾನದಲ್ಲಿ ಒಂದು ಯಾಂತ್ರಿಕತೆ ಇದೆ. ಯಾವ ವಸ್ತುವನ್ನು ಕೊಟ್ಟರೂ ನೀತಿಯನ್ನು ಹಿಂಡಬಹುದಾದರೆ ಆ ವಸ್ತುವೇ ಏಕೆ ಬೇಕು? ಸ್ವಿಫ್ಟನು ಕಸಬರಿಗೆಯ ಕಡ್ಡಿಯೊಂದನ್ನು ಕುರಿತು ಇದೇ ಧಾಟಿಯಲ್ಲಿ ಧ್ಯಾನವೊಂದನ್ನು ಬರೆದು ಬಾಯ್ಲನನ್ನು ಅಣಕಿಸಿದ್ದು ಸುಮ್ಮನೆ ಅಲ್ಲ.

ಇದರಲ್ಲೊಂದು ವಿಚಿತ್ರವಿದೆ. ಬಾಯ್ಲ್ ಪ್ರಯೋಗಶೀಲನಾದ ವಿಜ್ಞಾನಿ. ವಾಲ್ಟನ್ ಹಳೆಯ ಗ್ರಂಥಗಳನ್ನು ನಂಬಿದವನು. ಗೆಸ್ನರನ ಮಾತನ್ನು ಹಿಡಿದು, ಕೆಲವು ಪೈಕ್ ಮೀನುಗಳು ಒಂದು ಜಾತಿಯ ನೀರುಗಿಡದಿಂದ ಹುಟ್ಟುತ್ತವೆಂದು ಬರೆಯುತ್ತಾನೆ. ಹಾವುಮೀನುಗಳು ಬೇಸಗೆಯ ಮೊದಲಿನ ಇಬ್ಬನಿಯಿಂದ ಹುಟ್ಟಬಹುದೆನ್ನುತ್ತಾನೆ. ಇಷ್ಟಾದರೂ ಬಾಯ್ಲನ ಚಿಂತನೆಗಳನ್ನು ಓದಿ ಮುಗಿಸಿದವನಿಗೆ ಮೀನಿನ ನೆನಪು ಉಳಿಯುವುದಿಲ್ಲ. ವಾಲ್ಟನ್ನನ ಪುಟಗಳನ್ನು ಓದಿದವನಿಗೆ ಮೀನಿನ ಹುರುಪೆಯ ಹೊಳಪು ಕಣ್ಣಿನಲ್ಲಿ ನಿಲ್ಲುತ್ತದೆ. ಚಬ್ ಮೀನನ್ನು ತೊಳೆಯುವ ರೀತಿ, ಅದರ ಹೊಟ್ಟೆಯಲ್ಲಿ ತುಂಬಬೇಕಾದ ಸೊಪ್ಪು, ಎರೆಹುಳುವನ್ನು ಪಾಚಿಯಲ್ಲಿಟ್ಟು ಹದಮಾಡುವ ಕ್ರಮ, ಇವನ್ನು ಹೇಳುವಾಗ ಅವನು ಯಾವ ನೀತಿಗೂ ಅವಸರಪಡುವುದಿಲ್ಲ. ಸೃಷ್ಟಿಯನ್ನು ಸೃಷ್ಟಿಕರ್ತನ ಕೊಡುಗೆಯೆಂದು ನಂಬಿದವನು ಕೊಡುಗೆಯನ್ನು ಮೊದಲು ಕೈಯಲ್ಲಿ ಹಿಡಿದು ನೋಡಬೇಕಲ್ಲವೆ? ಬಾಯ್ಲ್ ಮೀನಿನಲ್ಲಿ ಅರ್ಥವನ್ನು ಹುಡುಕುತ್ತಾನೆ; ವಾಲ್ಟನ್ ಮೀನಿಗಾಗಿ ಕೃತಜ್ಞನಾಗಿರುತ್ತಾನೆ. ಕ್ರೀಡೆಯಲ್ಲಿ ಆಧ್ಯಾತ್ಮಿಕತೆಯನ್ನು ಕಾಣುವ ಎರಡು ಮಾರ್ಗಗಳು ಇವು. ಎರಡನೆಯದು ಹೆಚ್ಚು ಕಷ್ಟದ್ದು, ಏಕೆಂದರೆ ಅದಕ್ಕೆ ಸೂತ್ರವಿಲ್ಲ.

ಗ್ರಂಥದ ಉತ್ತಮ ಭಾಗಗಳೆಲ್ಲ ಈ ಎರಡನೆಯ ಮಾರ್ಗದವು. ಒಂದು ಸಂಜೆ ಗುರುಶಿಷ್ಯರು ಹುಲ್ಲುಗಾವಲಿನಲ್ಲಿ ಹಾಲು ಕರೆಯುವ ಹೆಂಗಸನ್ನೂ ಅವಳ ಮಗಳನ್ನೂ ಕಾಣುತ್ತಾರೆ. ಪಿಸ್ಕೇಟರನು ತಾನು ಹಿಡಿದ ಚಬ್ಬನ್ನು ಅವರಿಗೆ ಕೊಡುತ್ತಾನೆ. ಮೀನು ಮಾರುವ ಪದ್ಧತಿ ತನಗಿಲ್ಲವೆನ್ನುತ್ತಾನೆ. ಪ್ರತಿಯಾಗಿ ಒಂದು ಹಾಡನ್ನು ಬೇಡುತ್ತಾನೆ. ಮಗಳು ಮಾರ್ಲೋವಿನ ಪ್ರೇಮಗೀತವನ್ನು ಹಾಡುತ್ತಾಳೆ. ತಾಯಿ ರ‍್ಯಾಲೀಯದೆಂದು ಹೇಳುವ ಅದರ ಪ್ರತ್ಯುತ್ತರವನ್ನು ಹಾಡುತ್ತಾಳೆ. ಮೀನಿಗೆ ಹಾಡು, ಯೌವನದ ಹಾಡಿಗೆ ಮುಪ್ಪಿನ ಹಾಡು. ಇಲ್ಲಿ ದೇವರ ಹೆಸರು ಹೆಚ್ಚಾಗಿ ಬರುವುದಿಲ್ಲ. ಆದರೆ ಬೆಲೆ ಕಟ್ಟದೆ ಕೊಡುವುದೂ ಬೆಲೆ ಕಟ್ಟದೆ ಪಡೆಯುವುದೂ ಕೃಪೆಯೆಂಬ ಕ್ರೈಸ್ತ ಭಾವನೆಗೆ ಎಷ್ಟು ಹತ್ತಿರದವು! ಇನ್ನೊಂದು ಕಡೆ ಮಳೆ ಹನಿಯತೊಡಗುತ್ತದೆ. ಹನಿಸಕಲ್ ಬಳ್ಳಿ ಹಬ್ಬಿದ ಬೇಲಿಯ ಮರೆಯಲ್ಲಿ ಇಬ್ಬರೂ ಕುಳಿತುಕೊಳ್ಳುತ್ತಾರೆ. ಏನೂ ನಡೆಯುವುದಿಲ್ಲ. ಮಳೆ ನಿಲ್ಲುವವರೆಗೆ ಕಾಯುವುದೇ ನಡೆಯುವ ಘಟನೆ. ಈ ಕಾಯುವಿಕೆಯ ನಡುವೆ ಜಾರ್ಜ್ ಹರ್ಬರ್ಟನ ಕವಿತೆಯ ನೆನಪು ಬಂದಾಗ ಅದು ತಂದು ಅಂಟಿಸಿದಂತೆ ಕಾಣದೆ, ಮಳೆಯ ಜೊತೆಗೇ ಬಂದಂತೆ ಕಾಣುತ್ತದೆ.

ಗ್ರಂಥದಲ್ಲಿ ಅತ್ಯಂತ ಹೆಸರಾದ ಭಕ್ತಿಯ ಮಾತು ನೈಟಿಂಗೇಲ್ ಹಕ್ಕಿಯನ್ನು ಕುರಿತದ್ದು. ದುಡಿದವರೆಲ್ಲ ಮಲಗಿರುವ ನಡುರಾತ್ರಿಯಲ್ಲಿ ಆ ಪುಟ್ಟ ಕಂಠದ ಏರಿಳಿತವನ್ನು ಕೇಳಿದವನು, ಭೂಮಿಯ ಮೇಲಿನ ಕೆಟ್ಟವರಿಗೇ ದೇವರು ಇಂಥ ಸಂಗೀತವನ್ನು ಕೊಟ್ಟಿದ್ದರೆ ಸ್ವರ್ಗದ ಸಂತರಿಗೆ ಎಂಥದನ್ನು ಇಟ್ಟಿರಬೇಕು ಎಂದು ಬೆರಗಾಗುತ್ತಾನೆ. ಈ ಮಾತನ್ನು ವಾಲ್ಟನ್ ತನ್ನ ಪಿಸ್ಕೇಟರನ ಬಾಯಲ್ಲಿ ಇಡದೆ, ಪ್ರತಿಸ್ಪರ್ಧಿಯಾದ ಆಸೆಪ್ಸನಿಗೆ ಬಿಟ್ಟುಕೊಟ್ಟಿದ್ದಾನೆ. ಹಕ್ಕಿಗಳನ್ನು ಹಿಡಿಯುವುದೇ ಕ್ರೀಡೆಯಾದವನು ಹಕ್ಕಿಯ ಹಾಡಿಗೆ ಹೀಗೆ ಮಣಿಯುತ್ತಾನೆ. ಗಾಳವೇ ಮೇಲೆಂದು ಸಾಧಿಸಹೊರಟ ಗ್ರಂಥದಲ್ಲಿ ಈ ಔದಾರ್ಯ ಗಮನಾರ್ಹ.

ಇಷ್ಟು ಹೊಗಳಿದ ಮೇಲೆ ಕಪ್ಪೆಯ ವಿಷಯವನ್ನು ಎತ್ತಲೇಬೇಕು. ಪೈಕ್ ಮೀನನ್ನು ಹಿಡಿಯಲು ಜೀವಂತ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸುವ ಬಗೆಯನ್ನು ವಾಲ್ಟನ್ ವಿವರಿಸಿದ್ದಾನೆ. ತಂತಿಯನ್ನು ಬಾಯಿಂದ ತೂರಿಸಿ, ಕಾಲನ್ನು ನೂಲಿನಿಂದ ಹೊಲಿಯಬೇಕು. ಹಾಗೆ ಮಾಡುವಾಗ ಕಪ್ಪೆಯನ್ನು ಪ್ರೀತಿಸುವವನಂತೆ ನಡೆಸಿಕೊಳ್ಳಬೇಕು, ಎಂದರೆ ಆದಷ್ಟು ಕಡಮೆ ನೋಯಿಸಬೇಕು. ಏಕೆ? ಅದು ಹೆಚ್ಚು ಹೊತ್ತು ಬದುಕಿರಲೆಂದು! ಕನ್ನಡದ ಓದುಗನಿಗೆ ಇಲ್ಲಿ ಪುಸ್ತಕ ಕೈಯಿಂದ ಜಾರುವುದು ಸಹಜ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಗೇ ಜನ್ಮಜನ್ಮಾಂತರಗಳ ದುಃಖವನ್ನು ಕಾಣಿಸಿದ ಜನ್ನನ ‘ಯಶೋಧರ ಚರಿತೆ’ಯನ್ನು ಓದಿ ಬಂದವರು ನಾವು. ಆದರೆ ಈ ಆಕ್ಷೇಪಣೆ ನಮ್ಮದು ಮಾತ್ರವಲ್ಲ. ‘ಡಾನ್ ಜುವಾನ್’ ಕಾವ್ಯದ ೧೮೨೩ರಲ್ಲಿ ಪ್ರಕಟವಾದ ಹದಿಮೂರನೆಯ ಸರ್ಗದಲ್ಲಿ ಬೈರನ್ ವಾಲ್ಟನ್ನನನ್ನು ಕ್ರೂರಿಯೆಂದು ಜರೆದು, ಆ ಮುದುಕನ ಗಂಟಲಿಗೇ ಗಾಳ ಸಿಕ್ಕಿಸಿ ಸಣ್ಣ ಟ್ರೌಟೊಂದರ ಕೈಯಲ್ಲಿ ಎಳೆಸಬೇಕೆಂದನು. ಬೈರನ್ನನ ಬದುಕು ಕರುಣೆಗೆ ಹೆಸರಾದುದಲ್ಲ. ಆದರೂ ಏಟು ತಗುಲಬೇಕಾದೆಡೆಗೇ ತಗುಲಿದೆ.

ವಾಲ್ಟನ್ನನ ಪರವಾಗಿ ಹೇಳಬಹುದಾದದ್ದು ಇಷ್ಟು. ಅವನ ಧರ್ಮದಲ್ಲಿ ಮೀನು ಆಹಾರಕ್ಕೆಂದು ಕೊಟ್ಟದ್ದು; ಎದ್ದುಬಂದ ಕ್ರಿಸ್ತನೇ ದಡದಲ್ಲಿ ಮೀನು ಬೇಯಿಸಿದನು. ಹಿಡಿದುದನ್ನು ತಿನ್ನುವುದಕ್ಕೂ ಹಂಚುವುದಕ್ಕೂ ಅವನ ಗಾಳಗಾರರು ಸಿದ್ಧರು, ಕೊಂದು ಎಸೆಯುವವರಲ್ಲ. ಆದರೆ ಈ ಸಮಾಧಾನ ಕಪ್ಪೆಗೆ ಸಲ್ಲದು. ಕೊಡುಗೆಗೆ ಕೃತಜ್ಞನಾಗಿರುವವನು ಕೊಡುಗೆಯ ನೋವಿಗೆ ಕಿವುಡನಾಗಬಹುದೆಂಬುದನ್ನು ವಾಲ್ಟನ್ ತನಗರಿವಿಲ್ಲದೆಯೇ ತೋರಿಸಿಕೊಟ್ಟಿದ್ದಾನೆ. ಅವನ ಭಕ್ತಿಯ ಪ್ರಾಮಾಣ್ಯವನ್ನು ನಾವು ಶಂಕಿಸುವುದಿಲ್ಲ. ಅದರ ಎಲ್ಲೆ ಎಲ್ಲಿದೆಯೆಂಬುದನ್ನು ಗುರುತಿಸದೆ ಮೆಚ್ಚುವುದು ಮಾತ್ರ ವಿಮರ್ಶೆಯಾಗಲಾರದು.

ಗಾಳದ ವಿದ್ಯೆ ಮುಂದೆ ಈ ಭಕ್ತಿಯಿಂದ ಬಿಡಿಸಿಕೊಂಡು ಬೆಳೆಯಿತು. ೧೬೭೬ರಲ್ಲಿ ಚಾರ್ಲ್ಸ್ ಕಾಟನ್ ಬರೆದು ಸೇರಿಸಿದ ಎರಡನೆಯ ಭಾಗವನ್ನು ನೋಡಿದರೆ ಇದು ಆಗಲೇ ಕಾಣುತ್ತದೆ. ಕೃತಕ ನೊಣದ ರಚನೆಯಲ್ಲಿ ಅವನು ವಾಲ್ಟನ್ನನಿಗಿಂತ ಎಷ್ಟೋ ನಿಪುಣ. ಆದರೆ ಪವಿತ್ರತೆ ಉಳಿದಿರುವುದು ಬಹುಮಟ್ಟಿಗೆ ಡವ್ ಹೊಳೆಯ ದಡದಲ್ಲಿ ೧೬೭೪ರಲ್ಲಿ ಅವನು ಕಟ್ಟಿಸಿದ ಪುಟ್ಟ ಮನೆಯ ಬಾಗಿಲಿನ ಮೇಲೆ, ಗಾಳಗಾರರಿಗೆ ಅರ್ಪಿತವೆಂದು ಲ್ಯಾಟಿನ್ನಿನಲ್ಲಿ ಕೆತ್ತಿಸಿದ ಕಲ್ಲಿನಲ್ಲಿ. ನಮ್ಮ ನಾಡಿಗೆ ಈ ಕ್ರೀಡೆಯ ಸಾಹಿತ್ಯ ಬಂದದ್ದೂ ಈ ಶಾಖೆಯ ಮೂಲಕವೇ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಬರೆದು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ ಹೆಸರಾಂತ ಗ್ರಂಥ. ಕ್ರೀಡೆಯನ್ನು ಪಡೆಯುವ ಬಗೆ, ಮೀನುಗಳ ಸ್ವಭಾವ, ಅವುಗಳ ಸಾಕಣೆ ಮತ್ತು ಬೆಲೆ, ಇವೇ ತನ್ನ ವಿಷಯವೆಂದು ಅದರ ಉಪಶೀರ್ಷಿಕೆ ಸಾರುತ್ತದೆ. ಧ್ಯಾನಶೀಲನಿಗೆ ಅಲ್ಲಿ ಜಾಗವಿಲ್ಲ.

ಬಿಟ್ಟುಹೋದ ಎಳೆಯನ್ನು ಮತ್ತೆ ಹಿಡಿದವನು ಅಮೆರಿಕದ ನಾರ್ಮನ್ ಮಕ್ಲೀನ್. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದು ನಿವೃತ್ತನಾದ ಮೇಲೆ, ೧೯೭೬ರಲ್ಲಿ, ‘ಎ ರಿವರ್ ರನ್ಸ್ ತ್ರೂ ಇಟ್’ ಎಂಬ ನೀಳ್ಗತೆಯನ್ನು ಅವನು ಪ್ರಕಟಿಸಿದನು. ಮೊಂಟಾನಾದ ಮಿಸೂಲಾದಲ್ಲಿ ಪ್ರೆಸ್ಬಿಟೇರಿಯನ್ 
ಪಾದ್ರಿಯಾಗಿದ್ದ ತನ್ನ ತಂದೆಯ ಮತ್ತು ಕೊಲೆಯಾಗಿ ಸತ್ತ ತಮ್ಮ ಪಾಲನ ಕಥೆ ಅದು. ಆ ತಂದೆಗೆ ವಾಲ್ಟನ್ ಎಂದರೆ ತಾತ್ಸಾರ. ಅವನು ಆಂಗ್ಲಿಕನ್ ಪಂಥದವನು, ಮೇಲಾಗಿ ಹುಳು ಸಿಕ್ಕಿಸಿ ಮೀನು ಹಿಡಿಯುವವನು. ಆದ್ದರಿಂದ ಮರ್ಯಾದಸ್ಥ ಲೇಖಕನಲ್ಲ! ಮೂರು ಶತಮಾನಗಳ ಹಿಂದಿನ ಜಗಳ ಮೊಂಟಾನಾದ ಹೊಳೆಯಲ್ಲಿಯೂ ಉಳಿದುಕೊಂಡು ಬಂದಿದೆ. ಆದರೆ ಈ ಹಾಸ್ಯದ ಒಳಗೆ ಗಂಭೀರವಾದ ಅಂಶವಿದೆ. ಭಾನುವಾರದ ಮಧ್ಯಾಹ್ನ ಆ ತಂದೆ ಮಕ್ಕಳಿಗೆ ಕಲಿಸುತ್ತಿದ್ದುದು ವೆಸ್ಟ್‌ಮಿನ್ಸ್ಟರಿನ ಕಿರಿಯ ಪ್ರಶ್ನೋತ್ತರಮಾಲೆ. ವಾಲ್ಟನ್ನನ ಪ್ರಾರ್ಥನಾ ಗ್ರಂಥವನ್ನು ನಿಷೇಧಿಸಿದ ಪಕ್ಷದ ಪಂಡಿತರೇ ೧೬೪೭ರ ಹೊತ್ತಿಗೆ ಸಿದ್ಧಪಡಿಸಿದ ಪುಸ್ತಕವದು. ಅದರ ಮೊಟ್ಟಮೊದಲ ಉತ್ತರದಲ್ಲಿ, ದೇವರನ್ನು ಮಹಿಮೆಪಡಿಸುವುದರ ಜೊತೆಗೆ ಅವನಲ್ಲಿ ನಿತ್ಯವೂ ಆನಂದಿಸುವುದೂ ಮನುಷ್ಯನ ಪರಮೋದ್ದೇಶವೆಂದು ಹೇಳಿದೆ. ಆಟಗಳ ಘೋಷಣೆಯನ್ನು ಸುಟ್ಟ ಪಕ್ಷವೇ ಆನಂದವನ್ನು ಧರ್ಮದ ಮೊದಲ ಪಾಠವಾಗಿ ಇಟ್ಟಿತೆಂಬುದನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲ.

ಮಕ್ಲೀನನ ತಂದೆ ಗಾಳ ಎಸೆಯುವುದನ್ನು ಮೆಟ್ರೊನೋಮ್ ಇಟ್ಟು, ನಾಲ್ಕು ಎಣಿಕೆಯ ತಾಳದಲ್ಲಿ ಕಲಿಸುತ್ತಾನೆ. ಮನುಷ್ಯನು ಸ್ವಭಾವತಃ ಪತಿತನು; ಕೋಲು ಹಿಡಿದೊಡನೆ ಅವನ ಕೈ ತಪ್ಪಾಗಿಯೇ ಬೀಸುತ್ತದೆ; ಒಳ್ಳೆಯದೆಲ್ಲವೂ ಕೃಪೆಯಿಂದ, ಕೃಪೆ ಕಲೆಯಿಂದ, ಕಲೆಯೋ ಸುಲಭವಾಗಿ ಬಾರದು. ಹೀಗೆ ಕಾಲ್ವಿನ್ನನ ಸಿದ್ಧಾಂತವೇ ತೋಳಿನ ಚಲನೆಯಾಗಿದೆ. ಇದು ಬಾಯ್ಲನ ರೀತಿಯ ಸಂಕೇತವಲ್ಲ. ತೋಳು ಯಾವುದಕ್ಕೂ ಉಪಮಾನವಲ್ಲ. ಸರಿಯಾಗಿ ಬೀಸಿದ ಗಳಿಗೆಯಲ್ಲಿ ಕೃಪೆಯು ಆ ತೋಳಿಗೇ ದೊರೆತಿರುತ್ತದೆ. ವಾಲ್ಟನ್ನನಲ್ಲಿ ಗಾಳದ ಫಲ ಶಾಂತಿ. ಮಕ್ಲೀನನಲ್ಲಿ ಅದು ಸೌಂದರ್ಯ. ವಾಲ್ಟನ್ನನ ಗ್ರಂಥ, ಶಾಂತರಾಗಿರುವುದನ್ನು ಅಭ್ಯಾಸಮಾಡಿರೆಂದು ಪೌಲನು ಥೆಸಲೋನಿಕದವರಿಗೆ ಕೊಟ್ಟ ಬುದ್ಧಿವಾದದಿಂದ ಮುಗಿಯುತ್ತದೆ. ಅದನ್ನು ಅಭ್ಯಾಸಮಾಡಿದವನು ಉಳಿಯುತ್ತಾನೆ. ಮಕ್ಲೀನನ ತಮ್ಮನು ಹೊಳೆಯಲ್ಲಿ ನಿಂತಾಗ ಅವನಿಗಿಂತ ಸುಂದರವಾದುದು ಮತ್ತೊಂದಿಲ್ಲ. ದಡಕ್ಕೆ ಬಂದರೆ ಕುಡಿತ, ಜೂಜು, ಸಾಲ. ಕೃಪೆ ಅವನ ತೋಳನ್ನು ಮುಟ್ಟಿತು, ಬದುಕನ್ನು ಉಳಿಸಲಿಲ್ಲ. ಕ್ರೀಡೆಯಲ್ಲಿಯೂ ನಿಸರ್ಗದಲ್ಲಿಯೂ ದೇವರನ್ನು ಕಾಣುವ ಬರೆಹಗಳಲ್ಲಿ ಬಹುತೇಕ ಎಲ್ಲವೂ ಈ ಕಹಿಯನ್ನು ನುಂಗದೆ ತಪ್ಪಿಸಿಕೊಳ್ಳುತ್ತವೆ. ಮಕ್ಲೀನ್ ತಪ್ಪಿಸಿಕೊಳ್ಳುವುದಿಲ್ಲ.

ತಮ್ಮನೊಡನೆ ಕೊನೆಯ ಸಲ ಹೊಳೆಗೆ ಹೋದ ದಿನ ತಂದೆ ದಡದ ಮೇಲೆ ಕುಳಿತು ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನು ಓದುತ್ತಿರುತ್ತಾನೆ. ಅವನು ಓದುತ್ತಿದ್ದುದು ಯೋಹಾನನ ಸುವಾರ್ತೆ. ಆದಿಯಲ್ಲಿ ಇದ್ದುದು ವಾಕ್ಯವೆಂದು ತೊಡಗುವ ಭಾಗ. ನೀರು ಮೊದಲೋ ವಾಕ್ಯ ಮೊದಲೋ ಎಂದು ತಂದೆಮಕ್ಕಳಲ್ಲಿ ಮಾತು ಬೆಳೆಯುತ್ತದೆ. ಕಿವಿಗೊಟ್ಟು ಕೇಳಿದರೆ ನೀರಿನ ಕೆಳಗೆ ವಾಕ್ಯವಿರುವುದು ತಿಳಿಯುತ್ತದೆಂದು ತಂದೆ ಹೇಳುತ್ತಾನೆ. ಎದುರಿಗೆ ಪಾಲ್ ದೊಡ್ಡ ಮೀನೊಂದನ್ನು ಹಿಡಿಯುತ್ತಿದ್ದಾನೆ. ವಾಲ್ಟನ್ನನ ಶೀರ್ಷಿಕೆಯ ಪುಟದ ವಚನ ಅದೇ ಸುವಾರ್ತೆಯ ಕಡೆಯ ಅಧ್ಯಾಯದ್ದು. ಇವನು ಓದುತ್ತಿರುವುದು ಮೊದಲ ಅಧ್ಯಾಯ. ದಡದಲ್ಲಿ ಕೆಂಡದ ಮೇಲೆ ಮೀನು ಬೇಯಿಸುತ್ತ ನಿಂತವನ ಬೆಳಗಿನವರೆಗೆ ಮಕ್ಲೀನನ ಕಥೆ ಹೋಗುವುದಿಲ್ಲ. ಪಾಲನು ಸತ್ತ ಮೇಲೆ ತಂದೆ, ಅವನ ವಿಷಯದಲ್ಲಿ ನಿನಗೆ ಇನ್ನೇನಾದರೂ ತಿಳಿದಿದೆಯೇ ಎಂದು ಹಿರಿಯ ಮಗನನ್ನು ಮತ್ತೆ ಮತ್ತೆ ಕೇಳುತ್ತಾನೆ. ತನಗೆ ನಿಜವಾಗಿ ತಿಳಿದಿರುವುದೆಲ್ಲ ಅವನು ಒಳ್ಳೆಯ ಗಾಳಗಾರನಾಗಿದ್ದನೆಂಬುದೊಂದೇ ಎಂದು ಮಗನು ಉತ್ತರಿಸುತ್ತಾನೆ. ನಿನಗೆ ಅದಕ್ಕಿಂತ ಹೆಚ್ಚು ತಿಳಿದಿದೆ, ಅವನು ಸುಂದರನಾಗಿದ್ದನು ಎಂದು ಮುದುಕನು ಹೇಳುತ್ತಾನೆ.